ಬಾರ್ಬಡೋಸ್‌ನಲ್ಲಿ ಹಡಗಿನಿಂದ ಇಳಿದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೂಸ್ ಹಡಗಿನಲ್ಲಿ ಬಂದು ಒಂದೇ ಹಗಲು ಇಳಿಯುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಈ ಉತ್ತರಗಳನ್ನು ಬರೆದಿದೆ. ವಿಮಾನದಲ್ಲಿ ಬಂದು ನಾಲ್ಕೈದು ದಿನ ಉಳಿಯುವವರಿಗೂ ಹೆಚ್ಚಿನವು ಅನ್ವಯಿಸುತ್ತವೆ. ಎಲ್ಲೆಲ್ಲಿ ಅನ್ವಯಿಸುವುದಿಲ್ಲವೋ ಅಲ್ಲಲ್ಲೇ ಹೇಳಿದೆ.

ಹಡಗು ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೊರಡುತ್ತದೆ. ಅಷ್ಟರಲ್ಲಿ ಇಡೀ ದ್ವೀಪ ಸುತ್ತಬಹುದೇ?

ಸುತ್ತಬಹುದು, ಆದರೆ ಬೇಡ. ನಕ್ಷೆಯಲ್ಲಿ ದ್ವೀಪ ಪುಟ್ಟದು: ಉದ್ದ ಸುಮಾರು 34 ಕಿ.ಮೀ., ಅಗಲ 23 ಕಿ.ಮೀ. ಅದನ್ನು ನೋಡಿಯೇ ಜನ ಮೋಸಹೋಗುವುದು. ಊರು ದಾಟಿದ ಮೇಲೆ ರಸ್ತೆಗಳು ಕಿರಿದು, ತಿರುವುಗಳು ಹೆಚ್ಚು, ಕಬ್ಬು ಎತ್ತರಕ್ಕೆ ಬೆಳೆದ ತಿಂಗಳುಗಳಲ್ಲಿ ತಿರುವಿನಾಚೆ ಏನೂ ಕಾಣದು. ಬಂದರಿನಿಂದ ಪೂರ್ವ ಕರಾವಳಿಯ ಬ್ಯಾತ್‌ಶೀಬಾಕ್ಕೆ ಮುಕ್ಕಾಲು ಗಂಟೆ, ಉತ್ತರ ತುದಿಯ ಆನಿಮಲ್ ಫ್ಲವರ್ ಗವಿಗೆ ಒಂದು ಗಂಟೆ, ನಡುವಿನ ಹ್ಯಾರಿಸನ್ಸ್ ಗವಿಗೆ ಅರ್ಧ ಗಂಟೆ ಹಿಡಿಯಿರಿ. ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ನೋಡಿದ್ದಕ್ಕಿಂತ ಕಾರಿನಲ್ಲಿ ಕೂತದ್ದೇ ಹೆಚ್ಚಾಗುತ್ತದೆ.

ನಮ್ಮ ಸಲಹೆ ಇಷ್ಟೇ: ಒಂದು ದಿಕ್ಕು ಆರಿಸಿಕೊಳ್ಳಿ. ನೀರಿಗಿಳಿಯುವ ಆಸೆಯಿದ್ದರೆ ರಾಜಧಾನಿ ಬ್ರಿಡ್ಜ್‌ಟೌನ್ ಮತ್ತು ಕಾರ್ಲೈಲ್ ಕೊಲ್ಲಿ. ಹಸಿರು ಬೇಕೆಂದರೆ ಗವಿ, ಒಂದು ತೋಟ, ಬ್ಯಾತ್‌ಶೀಬಾ. ಇತಿಹಾಸ ಬೇಕೆಂದರೆ ಉತ್ತರದ ಸೇಂಟ್ ಪೀಟರ್ ಪ್ಯಾರಿಷ್ (ಜಿಲ್ಲೆಯಂಥ ವಿಭಾಗ) ಕಡೆ. ಯಾವುದನ್ನೇ ಆರಿಸಿದರೂ ಹಡಗು ಹತ್ತಲು ಕೊಟ್ಟ ಕೊನೆಯ ಸಮಯಕ್ಕೆ ಒಂದೂವರೆ ಗಂಟೆ ಮೊದಲೇ ಬ್ರಿಡ್ಜ್‌ಟೌನ್ ಸುತ್ತಮುತ್ತ ಇರಿ. ಸಂಜೆ ಕಚೇರಿ ಬಿಡುವ ಹೊತ್ತಿಗೆ ಊರಿನ ರಸ್ತೆಗಳು ಕಟ್ಟಿಕೊಳ್ಳುತ್ತವೆ.

ಹಡಗಿನ ಗಡಿಯಾರ, ದ್ವೀಪದ ಗಡಿಯಾರ ಬೇರೆ ಬೇರೆಯೇ?

ಬೇರೆಯಾಗಬಹುದು. ಬಾರ್ಬಡೋಸ್ ವರ್ಷವಿಡೀ ಒಂದೇ ಸಮಯದಲ್ಲಿರುತ್ತದೆ, ಭಾರತಕ್ಕಿಂತ 9 ಗಂಟೆ 30 ನಿಮಿಷ ಹಿಂದೆ. ಅಮೆರಿಕದ ಪೂರ್ವ ಕರಾವಳಿಯ ಗಡಿಯಾರ ಬೇಸಿಗೆಯಲ್ಲಿ ಇದಕ್ಕೆ ಸರಿಹೊಂದುತ್ತದೆ, ಚಳಿಗಾಲದಲ್ಲಿ ಒಂದು ಗಂಟೆ ಹಿಂದಿರುತ್ತದೆ. ಫ್ಲೋರಿಡಾದಿಂದ ಹೊರಟ ಕೆಲವು ಹಡಗುಗಳು ತಮ್ಮ ಸಮಯವನ್ನು ಬದಲಿಸುವುದಿಲ್ಲ. ಆದರೆ ನೀವು ದಡಕ್ಕೆ ಇಳಿದ ಕೂಡಲೇ ನಿಮ್ಮ ಮೊಬೈಲ್ ತಾನಾಗಿ ದ್ವೀಪದ ಸಮಯಕ್ಕೆ ಹೊರಳುತ್ತದೆ. ಹಾಗಾಗಿ ಇಳಿಯುವ ಮುನ್ನ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಂಡು ಅದನ್ನೇ ನಂಬಿ.

ಬಂದರಿನಿಂದ ಊರಿಗೆ ನಡೆದು ಹೋಗಬಹುದೇ? ಊರಿನಲ್ಲಿ ನೋಡಲು ಏನಿದೆ?

ನಡೆಯಬಹುದು. ಕ್ರೂಸ್ ಟರ್ಮಿನಲ್‌ನಿಂದ ಊರಿನ ನಡುವಿಗೆ ಒಂದೂವರೆ ಕಿ.ಮೀ. ಆಸುಪಾಸು, ಸಮತಟ್ಟಾದ ದಾರಿ, 20–25 ನಿಮಿಷ. ಬಿಸಿಲು ಮಾತ್ರ ಸುಡುತ್ತದೆ. ಟೋಪಿ, ಒಂದು ಲೀಟರ್ ನೀರು ಇಟ್ಟುಕೊಳ್ಳಿ. ನಲ್ಲಿ ನೀರನ್ನೇ ತುಂಬಿಸಿಕೊಳ್ಳಬಹುದು. ಹವಳದ ಸುಣ್ಣಕಲ್ಲಿನ ಪದರಗಳಲ್ಲಿ ಸೋಸಿ ಬರುವ ಅಂತರ್ಜಲ ಅದು, ಕುಡಿಯಲು ಯೋಗ್ಯ.

ಹಳೆಯ ಬ್ರಿಡ್ಜ್‌ಟೌನ್ ಮತ್ತು ಅದರ ಗ್ಯಾರಿಸನ್ (ಸೇನಾನೆಲೆ) ಪ್ರದೇಶ 2011ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹವಳಕಲ್ಲಿನ ಪಾರ್ಲಿಮೆಂಟ್ ಕಟ್ಟಡಗಳು, ದೋಣಿಗಳು ನಿಲ್ಲುವ ಕರೀನೇಜ್ ಕಾಲುವೆ, 1654ರಲ್ಲಿ ಸ್ಥಾಪನೆಯಾದ ನಿದೇ ಇಸ್ರೇಲ್ ಯಹೂದಿ ಮಂದಿರ, ಇವಿಷ್ಟನ್ನು ಎರಡು ಗಂಟೆಯಲ್ಲಿ ನಿಧಾನವಾಗಿ ನೋಡಬಹುದು. ಮಂದಿರದ ಆವರಣದಲ್ಲಿ ಶುದ್ಧಿಸ್ನಾನದ ಹಳೆಯ ಕೊಳವೊಂದು 2008ರಲ್ಲಿ ಮಣ್ಣಿನಡಿಯಿಂದ ಹೊರಬಂತು. ಅದನ್ನು ತಪ್ಪಿಸಬೇಡಿ. ಪಾರ್ಲಿಮೆಂಟಿನ ಎದುರಿನ ನ್ಯಾಷನಲ್ ಹೀರೋಸ್ ಚೌಕದಲ್ಲಿದ್ದ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಪ್ರತಿಮೆಯನ್ನು 2020ರ ನವೆಂಬರ್‌ನಲ್ಲಿ ತೆಗೆದರು. ಮರುವರ್ಷ, 2021ರ ನವೆಂಬರ್ 30ರಂದು, ದೇಶ ಗಣರಾಜ್ಯವಾಯಿತು. ಹಳೆಯ ಗೈಡ್ ಪುಸ್ತಕ ಹಿಡಿದು ಪ್ರತಿಮೆ ಹುಡುಕಬೇಡಿ.

ಸ್ವಲ್ಪ ಮುಂದೆ ಕ್ವೀನ್ಸ್ ಪಾರ್ಕ್‌ನಲ್ಲಿ ದೈತ್ಯ ಬೇಯೋಬಾಬ್ ಮರವೊಂದಿದೆ. 1738ರ ಸುಮಾರಿಗೆ ಪಶ್ಚಿಮ ಆಫ್ರಿಕಾದ ಗಿನಿಯಿಂದ ತಂದದ್ದು ಎನ್ನುತ್ತಾರೆ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಂಡವರಿಗೆ ಇದರ ಹೊಟ್ಟೆ ಉಬ್ಬಿದ ಕಾಂಡ ದೂರದಿಂದಲೇ ಗುರುತು ಸಿಗುತ್ತದೆ. ಅದೇ ಜಾತಿ, ಅಲ್ಲಿಗೂ ಇಲ್ಲಿಗೂ ಆಫ್ರಿಕಾದಿಂದಲೇ ಬಂದದ್ದು. ಇನ್ನು ದ್ವೀಪದ ಹೆಸರಿಗೇ ಕಾರಣ ಎನ್ನುವ ‘ಗಡ್ಡದ ಅತ್ತಿ’ ನಮ್ಮ ಆಲದ ಹತ್ತಿರದ ನೆಂಟ. ಇಳಿಬಿದ್ದ ಬಿಳಲುಗಳನ್ನೇ ಗಡ್ಡವೆಂದು ಕರೆದದ್ದು.

ಕಡಲಾಮೆಗಳ ಜೊತೆ ಈಜಬಹುದು ಎನ್ನುತ್ತಾರೆ. ಎಲ್ಲಿ, ಹೇಗೆ?

ಕಾರ್ಲೈಲ್ ಕೊಲ್ಲಿಯಲ್ಲಿ. ಬಂದರಿನಿಂದ ಸುಮಾರು 3 ಕಿ.ಮೀ. ದೂರ, ಊರಿನ ದಕ್ಷಿಣ ಅಂಚು. ಬ್ರೌನ್ಸ್, ಪೆಬಲ್ಸ್ ಎಂಬ ಕಡಲತೀರಗಳು ಇದರವೇ. ಇಲ್ಲಿ ಕಾಣುವುದು ಹೆಚ್ಚಾಗಿ ಹಸಿರು ಕಡಲಾಮೆ, ಆಗಾಗ ಗಿಣಿಮೂತಿಯ ಹಾಕ್ಸ್‌ಬಿಲ್. ಕೊಲ್ಲಿಯ ತಳದಲ್ಲಿ ಹಲವು ಮುಳುಗಿದ ಹಡಗುಗಳಿವೆ. 1919ರಲ್ಲಿ ಮುಳುಗಿದ ಬರ್ವಿನ್ ಎಂಬ ಟಗ್ ದೋಣಿ ಎಷ್ಟು ಮೇಲಿದೆಯೆಂದರೆ ನೀರಿನ ಮೇಲೆ ಮುಖ ಕೆಳಗೆ ಮಾಡಿ ತೇಲಿದರೂ ಕಾಣುತ್ತದೆ.

ದಡದ ಅಂಗಡಿಗಳ ಸಣ್ಣ ದೋಣಿಗಳು ಒಂದು ಗಂಟೆಯ ಸುತ್ತು ಕರೆದೊಯ್ಯುತ್ತವೆ. ಕ್ಯಾಟಮರಾನ್ ಹಾಯಿದೋಣಿಯಾದರೆ ಊಟ ಸೇರಿ ನಾಲ್ಕೈದು ಗಂಟೆ. ಬೆಲೆ ಕೇಳುವಾಗ ನೀರೊಳಗೆ ನೋಡಲು ಹಾಕುವ ಮಾಸ್ಕ್, ಲೈಫ್ ಜಾಕೆಟ್ ಸೇರಿದೆಯೇ ಎಂದೂ ಕೇಳಿ.

ಇಲ್ಲಿ ಕೆಡುವುದು ಸಾಮಾನ್ಯವಾಗಿ ಮಾಸ್ಕ್‌ನಿಂದ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದುಕೊಳ್ಳಿ. ಕೈಬಿಟ್ಟರೂ ಅಂಟಿಕೊಂಡು ನಿಂತರೆ ಅಳತೆ ಸರಿ. ಮೀಸೆಯಿದ್ದವರಿಗೆ ಮೂಗಿನ ಕೆಳಗೆ ನೀರು ಸೋರುತ್ತದೆ. ಮೀಸೆಗೆ ತೆಳುವಾಗಿ ವ್ಯಾಸಲೀನ್ ಹಚ್ಚಿದರೆ ನಿಲ್ಲುತ್ತದೆ. ಕನ್ನಡಕದ ಮೇಲೆ ಮಾಸ್ಕ್ ಕೂರುವುದೇ ಇಲ್ಲ. ಪವರ್ ಇರುವ ಮಾಸ್ಕ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಆಮೆಗಳನ್ನು ಮುಟ್ಟಬೇಡಿ, ಬೆನ್ನಟ್ಟಬೇಡಿ, ಮೇಲಕ್ಕೆ ಉಸಿರಿಗೆ ಬರುವಾಗ ಅಡ್ಡ ನಿಲ್ಲಬೇಡಿ. ಕೆಲವು ದೋಣಿಯವರು ಮೀನಿನ ಚೂರು ಹಾಕಿ ಅವನ್ನು ಕರೆಯುತ್ತಾರೆ. ಅದರಿಂದ ಕೈ ಕಂಡರೆ ಊಟವೆಂದು ಭಾವಿಸಿ ಬೆರಳು ಕಚ್ಚುವುದುಂಟು. ಮೀನು ಹಾಕದ ದೋಣಿಯನ್ನು ಆರಿಸಿಕೊಂಡರೆ ಆಮೆಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಬೆನ್ನಿಗೆ ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗಿಳಿಯುವ ಬದಲು ಉದ್ದ ತೋಳಿನ ಈಜುಡುಪು ಹಾಕಿ. ತೇಲುವಾಗ ಮೊದಲು ಸುಡುವುದು ಬೆನ್ನು ಮತ್ತು ಮಂಡಿಯ ಹಿಂಭಾಗ.

ನಮಗೆ ಈಜು ಬಾರದು.

ಲೈಫ್ ಜಾಕೆಟ್ ತೊಟ್ಟು ದೋಣಿಯ ಏಣಿ ಹಿಡಿದುಕೊಂಡೇ ಮುಖ ನೀರಿಗಿಟ್ಟರೂ ಆಮೆ ಕಾಣುತ್ತದೆ. ಅದೂ ಬೇಡವೆಂದರೆ ಗಾಜಿನ ತಳದ ದೋಣಿಗಳಿವೆ. ಕಾರ್ಲೈಲ್ ಕೊಲ್ಲಿಯ ದಡದಲ್ಲಿ ಸೊಂಟದ ಮಟ್ಟದ ನೀರು ಶಾಂತವಾಗಿರುತ್ತದೆ, ಮಕ್ಕಳನ್ನು ಕೈ ಹಿಡಿದು ಇಳಿಸಬಹುದು.

ಯಾವ ಕಡಲತೀರದಲ್ಲಿ ಇಳಿಯಬಹುದು, ಯಾವುದರಲ್ಲಿ ಇಳಿಯಲೇಬಾರದು?

ಈ ದ್ವೀಪಕ್ಕೆ ಎರಡು ಸಮುದ್ರ. ಪಶ್ಚಿಮಕ್ಕೆ ಕೆರಿಬಿಯನ್: ಕೆರೆಯಂತೆ ತೆಳ್ಳಗಿನ ಅಲೆ. ಪೂರ್ವಕ್ಕೆ ಅಟ್ಲಾಂಟಿಕ್: ಆಫ್ರಿಕಾದ ತನಕ ನಡುವೆ ನೆಲವೇ ಇಲ್ಲದ್ದರಿಂದ ಗಾಳಿ ತಳ್ಳಿಕೊಂಡು ಬಂದ ಅಲೆ ಪೂರ್ತಿ ಬಲದಲ್ಲಿ ಬಂದು ಬಡಿಯುತ್ತದೆ. ದಕ್ಷಿಣ ತೀರ ಇವೆರಡರ ನಡುವಿನದು.

ಪಶ್ಚಿಮದ ಪೇನ್ಸ್ ಬೇ, ಮಲಿನ್ಸ್, ನೈಋತ್ಯದ ಕಾರ್ಲೈಲ್, ದಕ್ಷಿಣದಲ್ಲಿ ಜೀವರಕ್ಷಕರಿರುವ ರಾಕ್ಲಿ. ಇವು ಕುಟುಂಬಕ್ಕೆ ಸರಿ. ಆಗ್ನೇಯದ ಕ್ರೇನ್ ಮತ್ತು ಬಾಟಮ್ ಬೇ ಕಣ್ಣಿಗೆ ಹಬ್ಬ, ಆದರೆ ಅಲೆ ಒರಟು. ಪೂರ್ವದ ಬ್ಯಾತ್‌ಶೀಬಾದಲ್ಲಿ ಈಜಲೇಬೇಡಿ. ಅಲ್ಲಿನ ‘ಸೂಪ್ ಬೌಲ್’ ಸರ್ಫಿಂಗ್ ಬಲ್ಲವರಿಗೆ ಪ್ರಸಿದ್ಧ. ಬುಡ ಸವೆದು ಅಣಬೆಯಂತಾದ ಬಂಡೆಗಳನ್ನು ನೋಡಿ, ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರಿನ ಗುಂಡಿಗಳಲ್ಲಿ ಕೂತು ಎದ್ದು ಬನ್ನಿ. ದಡದಲ್ಲಿ ಮೊಣಕಾಲು ನೀರಿನಲ್ಲಿ ನಿಂತವರನ್ನೂ ಅಲ್ಲಿನ ಸೆಳೆತ ಎಳೆದುಬಿಡುತ್ತದೆ.

ಎಲ್ಲಿಯಾದರೂ ಸೆಳೆತಕ್ಕೆ ಸಿಕ್ಕಿದರೆ ದಡದತ್ತ ನೇರವಾಗಿ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತದ ಪಟ್ಟಿ ಅಗಲ ಕಡಿಮೆ, ಅದರಿಂದ ಹೊರಬಂದ ಮೇಲೆ ಅಲೆಯೇ ದಡಕ್ಕೆ ತರುತ್ತದೆ. ಈಜಲಾಗದಿದ್ದರೆ ತೇಲುತ್ತ ಕೈ ಎತ್ತಿ ಕೂಗಿ.

ಕಡಲತೀರಗಳೆಲ್ಲ ಸಾರ್ವಜನಿಕ. ದೊಡ್ಡ ಹೋಟೆಲಿನ ಮುಂದಿನ ಮರಳೂ ಎಲ್ಲರದು. ಹೋಟೆಲುಗಳ ನಡುವೆ ಸಮುದ್ರಕ್ಕಿಳಿಯುವ ಕಾಲುದಾರಿಗಳಿರುತ್ತವೆ. ಕುರ್ಚಿ, ಛತ್ರಿಗೆ ಮಾತ್ರ ಬಾಡಿಗೆ.

ತೀರದ ಕೆಲವು ಮರಗಳಿಗೆ ಕೆಂಪು ಪಟ್ಟಿ ಬಳಿದಿದ್ದಾರೆ, ಏಕೆ?

ಅದು ಮ್ಯಾಂಚಿನೀಲ್ ಮರ. ಹಸಿರು ಸೇಬಿನ ಮರಿಯಂಥ, ಸಿಹಿ ವಾಸನೆಯ ಕಾಯಿ ಮರಳ ಮೇಲೆ ಬಿದ್ದಿರುತ್ತದೆ. ಕಚ್ಚಿದರೆ ಬಾಯಿ, ಗಂಟಲು ಸುಟ್ಟು ಊದಿಕೊಳ್ಳುತ್ತದೆ. ಎಲೆ, ತೊಗಟೆ, ಕಾಯಿ ಎಲ್ಲದರಲ್ಲೂ ಹಾಲಿನಂಥ ಸೊನೆ; ಗೇರುಸೊನೆ ತಾಗಿ ಚರ್ಮ ಸುಟ್ಟದ್ದನ್ನು ಕಂಡ ಕರಾವಳಿಯವರಿಗೆ ಇದರ ಸ್ವಭಾವ ಬೇಗ ಅರ್ಥವಾಗುತ್ತದೆ. ಮುಖ್ಯವಾಗಿ ಮಳೆ ಬಂತೆಂದು ಇದರ ಕೆಳಗೆ ನಿಲ್ಲಬೇಡಿ. ಎಲೆಯಿಂದ ತೊಟ್ಟಿಕ್ಕುವ ನೀರೇ ಗುಳ್ಳೆ ಏಳಿಸುತ್ತದೆ. ತಾಗಿದರೆ ಉಜ್ಜದೆ ಸಾಬೂನು ಹಾಕಿ ತೊಳೆಯಿರಿ. ಕಣ್ಣಿಗೆ ಹೋದರೆ ನೀರು ಹಾಯಿಸುತ್ತಲೇ ಆಸ್ಪತ್ರೆಗೆ ಹೋಗಿ. ಎಲ್ಲ ಮರಕ್ಕೂ ಪಟ್ಟಿ ಇರುವುದಿಲ್ಲ. ಮಕ್ಕಳಿಗೆ ಮರಳಿನ ಮೇಲಿನ ಯಾವ ಕಾಯಿಯನ್ನೂ ಮುಟ್ಟಬಾರದೆಂದು ಮೊದಲೇ ಹೇಳಿಡಿ.

ಹ್ಯಾರಿಸನ್ಸ್ ಗವಿ, ಆನಿಮಲ್ ಫ್ಲವರ್ ಗವಿ, ಎರಡರಲ್ಲಿ ಯಾವುದು?

ಇವು ಎರಡು ಬೇರೆಯೇ ಅನುಭವ. ಬಾರ್ಬಡೋಸಿನ ಬಹುಪಾಲು ಹವಳದ ಸುಣ್ಣಕಲ್ಲಿನ ಹೊದಿಕೆ. ಮಳೆನೀರು ಅದನ್ನು ಕರಗಿಸುತ್ತ ಒಳಗೆ ಕೊರೆದ ಗವಿ ಹ್ಯಾರಿಸನ್ಸ್. ಅದೇ ನೀರು ತೊಟ್ಟಿಕ್ಕಿ ಸುಣ್ಣವನ್ನು ಬಿಟ್ಟು ಹೋದಲ್ಲೆಲ್ಲ ಮೇಲಿನಿಂದ ಇಳಿಬಿದ್ದ, ಕೆಳಗಿನಿಂದ ಎದ್ದ ಬಿಳಿ ಕಂಬಗಳು. 1981ರಲ್ಲಿ ಸಾರ್ವಜನಿಕರಿಗೆ ತೆರೆದ ಇದರೊಳಗೆ ಟ್ರಾಮ್ ಗಾಡಿ ಒಯ್ಯುತ್ತದೆ, ಆದ್ದರಿಂದ ಮಂಡಿನೋವಿನ ಅಜ್ಜ ಅಜ್ಜಿಯರಿಗೂ ಸರಿ. ಒಳಗೆ ತಂಪಿರುತ್ತದೆ ಎಂದುಕೊಳ್ಳಬೇಡಿ: ಸುಮಾರು 27 ಡಿಗ್ರಿ, ಜಿಗುಟು ಸೆಕೆ, ಮೇಲಿನಿಂದ ಹನಿ. ಒಂದೇ ದಿನ ಹಲವು ಹಡಗು ಬಂದರೆ ಟಿಕೆಟ್ ಮುಗಿದುಹೋಗುತ್ತದೆ, ಮನೆಯಿಂದ ಹೊರಡುವ ಮುನ್ನವೇ ಕಾದಿರಿಸಿ.

ಆನಿಮಲ್ ಫ್ಲವರ್ ಉತ್ತರ ತುದಿಯ ಕಡಲಗವಿ. ಮೆಟ್ಟಿಲಿಳಿದು ಒಳಗೆ ಹೋದರೆ ಕಲ್ಲಿನ ಕಿಂಡಿಯಾಚೆ ಅಟ್ಲಾಂಟಿಕ್ ಗುಡುಗುತ್ತಿರುತ್ತದೆ. ಹೂವಿನಂತೆ ಅರಳುವ, ಮುಟ್ಟಿದರೆ ಮುದುಡುವ ಕಡಲಜೀವಿಗಳಿಂದ ಈ ಹೆಸರು. ಒಳಗೆ ಸ್ನಾನ ಮಾಡಬಹುದಾದ ಕೊಳವಿದೆ. ನೆಲ ಏರುಪೇರು, ಜಾರು. ಹವಾಯಿ ಚಪ್ಪಲಿ ಸಾಲದು. ಅಲೆ ದೊಡ್ಡದಿದ್ದ ದಿನ ಗವಿಯನ್ನು ಮುಚ್ಚಿಡುತ್ತಾರೆ. ಒಂದು ಗಂಟೆಯ ದಾರಿ ಹೋಗುವ ಮುನ್ನ ಫೋನ್ ಮಾಡಿ ತೆರೆದಿದೆಯೇ ಎಂದು ಕೇಳಿ.

ಗವಿಯ ಜೊತೆಗೆ ಸೇಂಟ್ ಜೋಸೆಫ್‌ನ ಹಂಟ್ಸ್ ಗಾರ್ಡನ್ ಸೇರಿಸಿಕೊಂಡರೆ ದಿನ ಸಾರ್ಥಕ. ನೆಲ ಕುಸಿದು ಆದ ಬಾವಿಯಂಥ ತಗ್ಗಿನಲ್ಲಿ ಬೆಳೆಸಿದ ತೋಟ ಅದು.

ಸಕ್ಕರೆ ಮತ್ತು ಗುಲಾಮಗಿರಿಯ ಇತಿಹಾಸ ಅರಿಯಲು ಎಲ್ಲಿಗೆ ಹೋಗಬೇಕು?

ಸೇಂಟ್ ಪೀಟರ್‌ನ ಸೇಂಟ್ ನಿಕೊಲಸ್ ಆ್ಯಬಿಗೆ. ಹೆಸರು ಆ್ಯಬಿ ಆದರೂ ಮಠವಲ್ಲ, 1658ರ ಸುಮಾರಿಗೆ ಕಟ್ಟಿದ ಕಬ್ಬಿನ ಎಸ್ಟೇಟಿನ ಬಂಗಲೆ. ಹಬೆಯಂತ್ರದ ಗಾಣ, ರಮ್ ಭಟ್ಟಿ ಇವೆ. 2019ರಿಂದ ಪುಟ್ಟ ರೈಲೂ ಇದೆ. ಓಡುವ ದಿನ, ವೇಳೆ ಮೊದಲೇ ನೋಡಿಕೊಳ್ಳಿ. ಹತ್ತಿರದ ಚೆರ್ರಿ ಟ್ರೀ ಗುಡ್ಡದಿಂದ ಇಡೀ ಪೂರ್ವ ಕರಾವಳಿ ಕಾಣುತ್ತದೆ, ಇಳಿಜಾರಿನಲ್ಲಿ ಮಾರ್ಗನ್ ಲೂಯಿಸ್ ಗಾಳಿಗಿರಣಿಯಿದೆ.

ಬಂಗಲೆಯಷ್ಟನ್ನೇ ನೋಡಿದರೆ ಅರ್ಧ ಕಥೆ. ಆ ಸಿರಿಯನ್ನು ದುಡಿದದ್ದು ಆಫ್ರಿಕಾದಿಂದ ಹಿಡಿದು ತಂದ ಜನ. 1661ರಲ್ಲೇ ಇಲ್ಲಿ ಗುಲಾಮರ ಸಂಹಿತೆ ಜಾರಿಗೆ ಬಂದು ಬೇರೆ ವಸಾಹತುಗಳಿಗೆ ಮಾದರಿಯಾಯಿತು. ಕ್ರೈಸ್ಟ್ ಚರ್ಚ್ ಪ್ಯಾರಿಷ್‌ನ ನ್ಯೂಟನ್ ಸಮಾಧಿಭೂಮಿಯಲ್ಲಿ ಸುಮಾರು 570 ಗುಲಾಮರನ್ನು ಹೂಳಲಾಗಿದೆ. ನೋಡಲು ಬರಿಯ ಹುಲ್ಲುಗಾವಲು, ಆದರೂ ಹತ್ತು ನಿಮಿಷ ಮೌನವಾಗಿ ನಿಲ್ಲಬೇಕಾದ ಜಾಗ. ಸಂಕೋಲೆ ಹರಿದು ಕೈ ಎತ್ತಿದ ವಿಮೋಚನೆಯ ಪ್ರತಿಮೆಯನ್ನು ಜನ 1816ರ ದಂಗೆಯ ನಾಯಕ ಬುಸ್ಸಾನ ಹೆಸರಿನಿಂದಲೇ ಕರೆಯುತ್ತಾರೆ.

ದಾರಿಯಲ್ಲಿ ಕಾಣುವ ಪುಟ್ಟ ಮರದ ‘ಚ್ಯಾಟಲ್’ ಮನೆಗಳನ್ನೂ ಗಮನಿಸಿ. ವಿಮೋಚನೆಯ ನಂತರವೂ ಕೂಲಿಗಳಿಗೆ ಸ್ವಂತ ನೆಲವಿರಲಿಲ್ಲ. ಎಸ್ಟೇಟಿನವರು ಒಕ್ಕಲೆಬ್ಬಿಸಿದರೆ ಬಿಚ್ಚಿ ಗಾಡಿಗೆ ಹೇರಿ ಒಯ್ಯಲು ಆಗುವಂತೆ, ಅಡಿಪಾಯವಿಲ್ಲದೆ ಬಿಡಿ ಕಲ್ಲುಗಳ ಮೇಲೆ ಕೂರಿಸಿದ ಮನೆಗಳವು.

ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ ನೋಡಲು ಬಿಡುತ್ತಾರೆಯೇ?

ಬಂದರಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಪಂದ್ಯವಿಲ್ಲದ ದಿನ ಒಳಗೆ ಬಿಡುವುದು ಅಲ್ಲಿನ ಕೆಲಸಗಳ ಮೇಲೆ ನಿಂತಿದೆ. ಗೇಟಿನಲ್ಲಿ ವಿನಯದಿಂದ ಕೇಳಿ. ಹೊರಗೆ ಗ್ಯಾರಿ ಸೋಬರ್ಸ್ ಪ್ರತಿಮೆಯಂತೂ ಇದ್ದೇ ಇದೆ. 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದದ್ದು ಇಲ್ಲೇ. ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಗಡಿಗೆರೆಯ ಮೇಲೆ ಹಿಡಿದ ಕ್ಯಾಚ್ ನೆನಪಿಸಿಕೊಳ್ಳಿ. ಆಗ ಕೋಚ್ ಆಗಿದ್ದ ರಾಹುಲ್ ದ್ರಾವಿಡ್‌ಗೆ ಇದೇ ಮೈದಾನ 1997ರಲ್ಲಿ ಬೇರೆಯದನ್ನೇ ಕೊಟ್ಟಿತ್ತು: ಗೆಲ್ಲಲು 120 ಬೇಕಿದ್ದ ಟೆಸ್ಟ್‌ನಲ್ಲಿ ಭಾರತ 81ಕ್ಕೆ ಕುಸಿದಿತ್ತು. ಸಮಯವಿದ್ದರೆ ಕೇವ್ ಹಿಲ್‌ನ ವಿಶ್ವವಿದ್ಯಾಲಯದ ಆವರಣಕ್ಕೆ ಹೋಗಿ. ವೆಸ್ಟ್ ಇಂಡೀಸ್ ಕ್ರಿಕೆಟ್ ದಿಗ್ಗಜರಾದ ವೊರೆಲ್, ವೀಕ್ಸ್, ವಾಲ್ಕಾಟ್ ಮೂವರ ಸಮಾಧಿಗಳು ಒಂದೇ ಕಡೆ, ಅವರದೇ ಹೆಸರಿನ ಮೈದಾನದ ಬಳಿ ಇವೆ.

ಬಸ್ಸೋ, ಟ್ಯಾಕ್ಸಿಯೋ, ಬಾಡಿಗೆ ಕಾರೋ?

ಪಶ್ಚಿಮ ಮತ್ತು ದಕ್ಷಿಣ ತೀರಕ್ಕೆ ಬಸ್ಸು ಸಾಕು. ನೀಲಿ ಬಣ್ಣದ್ದು ಸರಕಾರಿ, ಹಳದಿಯದು ಖಾಸಗಿ ಮಿನಿಬಸ್, ಬಿಳಿಯ ವ್ಯಾನ್ ‘ಝಡ್ ಆರ್’. ಮೂರಕ್ಕೂ ಟಿಕೆಟ್ 3.50 ಬಾರ್ಬಡೋಸ್ ಡಾಲರ್, ದೂರ ಎಷ್ಟೇ ಇರಲಿ. ನೀಲಿ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ. ನಿಲ್ದಾಣದ ದುಂಡು ಫಲಕದಲ್ಲಿ ‘ಟು ಸಿಟಿ’ ಎಂದಿದ್ದರೆ ಬ್ರಿಡ್ಜ್‌ಟೌನ್ ಕಡೆಗೆ, ‘ಔಟ್ ಆಫ್ ಸಿಟಿ’ ಎಂದಿದ್ದರೆ ಊರಾಚೆಗೆ. ಕೈ ಚಾಚದಿದ್ದರೆ ಬಸ್ಸು ನಿಲ್ಲದು. ದಕ್ಷಿಣ ತೀರಕ್ಕೆ 11ನೇ ನಂಬರಿನ ವ್ಯಾನ್ ಹಿಡಿಯಿರಿ: ಜೋರು ಹಾಡು, ಜೋರು ಓಟ, ಒತ್ತೊತ್ತಾಗಿ ಕೂರಬೇಕು, ಆದರೆ ಊರಿನ ಜನರ ಜೊತೆ ಮಾತು ಬೆಳೆಯುವುದು ಅಲ್ಲೇ.

ಪೂರ್ವಕ್ಕೆ, ಉತ್ತರಕ್ಕೆ ಬಸ್ಸು ವಿರಳ. ಹಡಗಿಗೆ ಮರಳಬೇಕಾದವರು ಟ್ಯಾಕ್ಸಿ ಮಾಡಿ. ಮೀಟರ್ ಇಲ್ಲ. ಹೊರಡುವ ಮುನ್ನ ಮೂರು ಮಾತು ಖಚಿತಪಡಿಸಿಕೊಳ್ಳಿ: ಬೆಲೆ ಇಡೀ ಕಾರಿಗೋ ತಲೆಗೋ, ಅಮೆರಿಕನ್ ಡಾಲರೋ ಬಾರ್ಬಡೋಸ್ ಡಾಲರೋ, ಕಾಯುವ ಸಮಯ ಸೇರಿದೆಯೋ ಇಲ್ಲವೋ. ಜಗಳವಾಗುವುದು ಎರಡನೆಯದರಲ್ಲಿ, ಏಕೆಂದರೆ ಅಲ್ಲಿ ಮೊತ್ತ ನೇರ ದುಪ್ಪಟ್ಟಾಗುತ್ತದೆ.

ಕಾರು ಓಡಿಸುವವರಿಗೆ ನಮ್ಮಂತೆಯೇ ಎಡಬದಿ. ಸ್ಥಳೀಯ ಸಂದರ್ಶಕ ಪರವಾನಗಿ ಬೇಕು, ಬಾಡಿಗೆ ಕೊಡುವವರೇ ಮಾಡಿಸುತ್ತಾರೆ.

ಹಣ?

2 ಬಾರ್ಬಡೋಸ್ ಡಾಲರ್‌ಗೆ 1 ಅಮೆರಿಕನ್ ಡಾಲರ್. 1975ರಿಂದ ಬದಲಾಗಿಲ್ಲ. ಅಮೆರಿಕನ್ ಡಾಲರನ್ನು ಬಹುತೇಕ ಎಲ್ಲರೂ ತೆಗೆದುಕೊಳ್ಳುತ್ತಾರೆ, ಚಿಲ್ಲರೆ ಸ್ಥಳೀಯ ನೋಟಿನಲ್ಲಿ ಬರುತ್ತದೆ. ಆದ್ದರಿಂದ 1, 5, 10ರ ಸಣ್ಣ ನೋಟು ತನ್ನಿ. ಉಳಿದ ಸ್ಥಳೀಯ ನೋಟನ್ನು ಅಲ್ಲೇ ಮುಗಿಸಿ, ಮುಂದಿನ ದ್ವೀಪದಲ್ಲಿ ನಡೆಯದು. ಹೋಟೆಲ್ ಬಿಲ್ಲಿನಲ್ಲಿ ಶೇ 10 ಸೇವಾಶುಲ್ಕ ಸೇರಿದ್ದರೆ ಮತ್ತೆ ಟಿಪ್ ಕಡ್ಡಾಯವಲ್ಲ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಕೇಳುವ ರೀತಿ ಗೊತ್ತಿರಬೇಕು. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು ಬರಬಹುದು. ಮಾಂಸ, ಕೋಳಿ, ಮೀನು ಮೂರೂ ಬೇಡವೆಂದು ಒಂದೊಂದಾಗಿ ಹೇಳಿ. ‘ರೈಸ್ ಆ್ಯಂಡ್ ಪೀಸ್’ ನೋಡಲು ಕಾಳಿನ ಅನ್ನ, ಆದರೆ ಉಪ್ಪಿನ ಹಂದಿಬಾಲ ಹಾಕಿ ಬೇಯಿಸುವ ರೂಢಿಯಿದೆ, ವಿಚಾರಿಸಿಯೇ ತಿನ್ನಿ.

ರಾಷ್ಟ್ರೀಯ ಖಾದ್ಯ ಕೂಕೂ ಮತ್ತು ಹಾರುವ ಮೀನು. ಕೂಕೂ ಎಂದರೆ ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಬೆಂದ ನೀರಿನಲ್ಲಿ ಹಾಕಿ ಗಂಟು ಬಾರದಂತೆ ಚಪ್ಪಟೆ ಮರದ ಕೋಲಿನಿಂದ ತಿರುವಿದ ಮುದ್ದೆ. ಕೋಲು ಸಹಿತ ನಮ್ಮ ಮುದ್ದೆಯ ಅಡುಗೆಯೇ! ಮೀನಿನ ಗೊಜ್ಜು ಬಿಟ್ಟು ಬರಿಯ ಕೂಕೂ ಕೇಳಬಹುದು. ಹುರಿದ ಜೀಗುಜ್ಜೆ, ಬಾಳೆ, ಗೆಣಸು, ಮ್ಯಾಕರೋನಿ ಪೈ ಎಲ್ಲ ಕಡೆ ಇವೆ. ಪೈಯಲ್ಲಿ ಮೊಟ್ಟೆಯಿದೆಯೇ ಕೇಳಿ. ಆಲೂಗಡ್ಡೆ, ಕಡಲೆ ತುಂಬಿದ ರೋಟಿ ಹೊಟ್ಟೆ ತುಂಬಿಸುತ್ತದೆ. ರಸ್ತಫಾರಿ ಪಂಥದವರ ‘ಐಟಲ್’ ಅಡುಗೆ ಸಾಮಾನ್ಯವಾಗಿ ಪೂರ್ತಿ ಸಸ್ಯಾಹಾರ, ಉಪ್ಪು ಕಡಿಮೆ. ಹಳದಿ ಬಣ್ಣದ ಪೆಪ್ಪರ್ ಸಾಸ್ ನಮ್ಮ ನಾಲಿಗೆಗೂ ಖಾರವೇ, ಹನಿಯಿಂದ ಶುರುಮಾಡಿ.

ಮೀನು ತಿನ್ನುವವರು ಮೆನುವಿನಲ್ಲಿ ‘ಡಾಲ್ಫಿನ್’ ನೋಡಿ ಗಾಬರಿಯಾಗಬೇಡಿ. ಅದು ಮಾಹಿ ಮಾಹಿ ಎಂಬ ಮೀನು. ಆಯ್ಸ್ಟಿನ್ಸ್‌ನ ಶುಕ್ರವಾರ ರಾತ್ರಿಯ ಮೀನಿನ ಸಂತೆ ಹೆಸರುವಾಸಿ, ಆದರೆ ಸಂಜೆಗೇ ಹೊರಡುವ ಹಡಗಿನವರಿಗೆ ಅದು ದಕ್ಕದು. ಮಧ್ಯಾಹ್ನವೂ ಕೆಲವು ಅಂಗಡಿ ತೆರೆದಿರುತ್ತವೆ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಮೇವರೆಗೆ ಒಣಹವೆ. ಬ್ರಿಡ್ಜ್‌ಟೌನ್ ಇರುವುದು ಸುಮಾರು ಬೆಂಗಳೂರಿನ ಅಕ್ಷಾಂಶದಲ್ಲೇ, 13 ಡಿಗ್ರಿ ಉತ್ತರ. ಹಾಗಾಗಿ ಸೂರ್ಯ ಮುಳುಗಿದ ಕೂಡಲೇ ಕತ್ತಲು. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಉಳಿದ ದ್ವೀಪಮಾಲೆಗಿಂತ ಪೂರ್ವಕ್ಕೆ ಸರಿದಿರುವುದರಿಂದ ನೇರ ಹೊಡೆತ ಕಡಿಮೆ, ಇಲ್ಲವೆಂದಲ್ಲ. 2024ರಲ್ಲಿ ವಿಶ್ವಕಪ್ ಗೆದ್ದ ತಂಡವನ್ನೇ ಬೆರಿಲ್ ಚಂಡಮಾರುತ ಕೆಲವು ದಿನ ಇಲ್ಲಿ ಹಿಡಿದಿಟ್ಟಿತ್ತು. ಬೇಸಿಗೆಯ ತಿಂಗಳುಗಳಲ್ಲಿ ಪೂರ್ವ, ದಕ್ಷಿಣ ತೀರಕ್ಕೆ ಸರ್ಗಾಸಂ ಎಂಬ ಕಂದು ಪಾಚಿ ರಾಶಿ ರಾಶಿಯಾಗಿ ಬಂದು ಕೊಳೆತು ನಾರುತ್ತದೆ. ಆಗ ಪಶ್ಚಿಮ ತೀರಕ್ಕೆ ಹೋಗಿ.

ಭಾರತೀಯ ಪಾಸ್‌ಪೋರ್ಟಿಗೆ ವೀಸಾ ಬೇಕೇ?

ಪ್ರವಾಸಕ್ಕೆ ಬಾರ್ಬಡೋಸ್ ವೀಸಾ ಕೇಳುವುದಿಲ್ಲ. ತೊಡಕಿರುವುದು ದಾರಿಯಲ್ಲಿ. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಬಂದರೆ ವಿಮಾನ ಬದಲಿಸಲೂ ಅಲ್ಲಿನ ವೀಸಾ ಬೇಕು. ಅಮೆರಿಕದಿಂದ ಹೊರಟು ಮರಳುವ ಹಡಗಿಗೆ ಹಲವು ಬಾರಿ ಪ್ರವೇಶಿಸಬಹುದಾದ ವೀಸಾ ಇರಲಿ. ಅಮೆರಿಕದಲ್ಲಿ ಎಚ್‌-1ಬಿ ಉದ್ಯೋಗ ವೀಸಾದ ಮೇಲೆ ಇರುವ ಕನ್ನಡಿಗರು ಒಂದು ವಿಷಯದಲ್ಲಿ ಎಡವುತ್ತಾರೆ: ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೋದಿಂದ 30 ದಿನದೊಳಗೆ ಮರಳಲು ಇರುವ ರಿಯಾಯಿತಿ ಅವರಿಗೆ ಕೆರಿಬಿಯನ್ ದ್ವೀಪಗಳಿಂದ ಬರುವಾಗ ಇಲ್ಲ. ಹಡಗು ಟ್ರಿನಿಡಾಡ್‌ನಲ್ಲೂ ನಿಲ್ಲುವುದಾದರೆ, ಅಲ್ಲಿಂದ 6 ದಿನದೊಳಗೆ ಭಾರತಕ್ಕೆ ಬರುವವರಿಗೆ ಹಳದಿ ಜ್ವರದ ಲಸಿಕೆ ಪ್ರಮಾಣಪತ್ರ ಬೇಕು.

ತರಬಾರದ್ದು ಏನಾದರೂ?

ಸೇನೆಯ ಮಾದರಿಯ ಮಚ್ಚೆ ಬಟ್ಟೆ. ಕ್ಯಾಮಫ್ಲಾಜ್ ವಿನ್ಯಾಸವನ್ನು ನಾಗರಿಕರು ತೊಡುವುದು ಇಲ್ಲಿ ಅಪರಾಧ. ಮಗುವಿನ ಚಡ್ಡಿ, ಟೋಪಿ, ಬೆನ್ನುಚೀಲವೂ ಲೆಕ್ಕಕ್ಕೆ ಬರುತ್ತದೆ. ಈಜುಡುಪಿನಲ್ಲಿ ಊರೊಳಗೆ ತಿರುಗುವುದೂ ಸಲ್ಲದು, ಮೇಲೊಂದು ಅಂಗಿ ಇರಲಿ. ಅಂಗಡಿಗೆ ಹೊಕ್ಕಾಗ ಮೊದಲು ‘ಗುಡ್ ಮಾರ್ನಿಂಗ್’ ಹೇಳಿ, ಆಮೇಲೆ ಬೆಲೆ ಕೇಳಿ. ಉಳಿದುಕೊಳ್ಳುವವರಿಗೆ: ವಿದ್ಯುತ್ 115 ವೋಲ್ಟ್, ಅಮೆರಿಕದ ಚಪ್ಪಟೆ ಪಿನ್ನಿನ ಪ್ಲಗ್. ಮೊಬೈಲ್ ಚಾರ್ಜರ್ ನಡೆಯುತ್ತದೆ, ಊರಿನಿಂದ ತಂದ 230 ವೋಲ್ಟಿನ ಕೆಟಲ್ ಸರಿಯಾಗಿ ಕಾಯದು.

ತುರ್ತು ಸಂಖ್ಯೆಗಳು?

ಪೊಲೀಸ್ 211, ಅಗ್ನಿಶಾಮಕ 311, ಆಂಬುಲೆನ್ಸ್ 511. ದೊಡ್ಡ ಸರಕಾರಿ ಆಸ್ಪತ್ರೆ ಬ್ರಿಡ್ಜ್‌ಟೌನ್‌ನ ಕ್ವೀನ್ ಎಲಿಜಬೆತ್. ಹಡಗಿನಿಂದ ಇಳಿಯುವಾಗಲೇ ಬಂದರು ಏಜೆಂಟರ ದೂರವಾಣಿ ಸಂಖ್ಯೆಯನ್ನು ಬರೆದುಕೊಳ್ಳಿ. ಹಡಗಿನ ದಿನಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ತಡವಾಗುವ ಸೂಚನೆ ಕಂಡ ಕ್ಷಣವೇ ಅವರಿಗೆ ಕರೆ ಮಾಡಿ, ಬಂದರಿಗೆ ಬಂದ ಮೇಲಲ್ಲ.